ಬೀಗ ಒಡೆಯುವ ಕೈ

ಪೊಲೀಸ್ ಜೀಪು ಕೊಡಿಗೇನಹಳ್ಳಿ ಬಸ್‌ಸ್ಟ್ಯಾಂಡು ದಾಟಿ ಓಬಳಮ್ಮನ ಮನೆಯ ಮುಂದೆ ನಿಂತಾಗ ಬೆಳಿಗ್ಗೆ ಎಂಟೂವರೆ ಗಂಟೆ. ಅದರ ಹಿಂದೆಯೇ ಬಂದ ವನಜಾಕ್ಷಿ ಸ್ಕೂಟಿ ನಿಲ್ಲಿಸಿ, ಸೀಟು ಎತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ವಾರಂಟನ್ನು ಹೊರಗೆ ತೆಗೆದಳು. ಮಧುಗಿರಿಯಲ್ಲಿ ಕೋರ್ಟ್ ಅಮೀನಳಾಗಿ ಅವಳದು ಹತ್ತೊಂಬತ್ತು ವರ್ಷದ ಸರ್ವೀಸು. ಅಷ್ಟೂ ವರ್ಷ ಊರೂರು ಅಲೆದು ಸಮನ್ಸು, ನೋಟಿಸು ಮುಟ್ಟಿಸಿದ್ದಳು. ಬಾಗಿಲು ಒಡೆದಾದರೂ ಸರಿ, ಒಳಗಿದ್ದವರನ್ನು ಹೊರಗೆ ಕಳಿಸಿ ಗೆದ್ದವನಿಗೆ ಮನೆ ಬಿಡಿಸಿಕೊಡು ಅನ್ನುವ ವಾರಂಟು ಅವಳ ಕೈಗೆ ಬಂದದ್ದು ಇದೇ ಮೊದಲು.

ಸಮನ್ಸಿನ ವಿಷಯಕ್ಕೆ ಬಂದರೆ ವನಜಾಕ್ಷಿ ಗಟ್ಟಿಗಿತ್ತಿ. ಕೊರಟಗೆರೆ ಕಡೆಯ ಒಬ್ಬ ಮಹಾಶಯ ಹನ್ನೊಂದು ಸಲ 'ಊರಲ್ಲಿಲ್ಲ' ಅಂತ ಹೇಳಿಸಿ ತಪ್ಪಿಸಿಕೊಂಡಿದ್ದ. ಹನ್ನೆರಡನೇ ಸಲ ಅವಳು ರೇಷ್ಮೆ ಸೀರೆ ಉಟ್ಟು, ಅವನ ಅಣ್ಣನ ಮಗಳ ರಿಸೆಪ್ಷನ್ನಿಗೇ ಹೋಗಿ, ಕ್ಯೂನಲ್ಲಿ ನಿಂತು, ಸ್ಟೇಜಿನ ಮೇಲೆ ಹೆಣ್ಣುಗಂಡಿಗೆ ಅಕ್ಷತೆ ಹಾಕಿ, ಪಕ್ಕದಲ್ಲಿದ್ದ ಅವನ ಕೈಗೆ ಸಮನ್ಸಿನ ಕವರು ಇಟ್ಟಳು. ಅವನು ನಗುನಗುತ್ತಲೇ ಇಸಕೊಂಡ. ಆ ಫೋಟೋ ಆಲ್ಬಮ್ಮಿನಲ್ಲೂ ಇದೆಯಂತೆ. ಹೀಗೆ ಅಮೀನಮ್ಮ ಅಂತ ನಾಲ್ಕೂ ತಾಲ್ಲೂಕಿನಲ್ಲಿ ಹೆಸರಾಗಿದ್ದಳು.

ಅವಳಿಗೆ ಕಾನೂನು ಅಂದರೆ ಮೊದಲಿನಿಂದಲೂ ಪ್ರೀತಿ. ಅಪ್ಪ ದಾಸಯ್ಯ ಶಿರಾ ತಾಲ್ಲೂಕು ಹುಲಿಕುಂಟೆಯಲ್ಲಿ ತೋಟಿ ಕೆಲಸ ಮಾಡುತ್ತಿದ್ದವನು. ಕೋರ್ಟಿನವರು ಯಾರದಾದರೂ ಮನೆ ಜಪ್ತಿಗೆ ಬಂದರೆ ಮುಂದೆ ನಿಂತು ತಮಟೆ ಬಾರಿಸಿ ಸಾರುವುದು ಅವನ ಪಾಲಿಗೆ ಬರುತ್ತಿತ್ತು. ಒಂದು ಸಲ ಜೊತೆಯಲ್ಲೇ ಬೆಳೆದ ಗೆಳೆಯನ ಮನೆ ಮುಂದೆ ಬಾರಿಸಬೇಕಾಯಿತು. ಗೆಳೆಯ ಸಾಯುವ ತನಕ ಮತ್ತೆ ಮಾತಾಡಲಿಲ್ಲ. "ಬಾರ್ಸಿದ್ದು ನನ್ ಕೈ ಕಣಮ್ಮ, ನಾನಲ್ಲ" ಅಂತ ದಾಸಯ್ಯ ಮಗಳ ಹತ್ತಿರ ಹೇಳಿಕೊಳ್ಳುತ್ತಿದ್ದ. ಹಾಗೆ ಹೇಳಿ ಆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂರುತ್ತಿದ್ದ. ಕೋರ್ಟಿನ ಕಾಂಪೌಂಡಿನ ಆಚೆಗೇ ನಿಂತು ಅಭ್ಯಾಸವಾಗಿದ್ದ ಮನುಷ್ಯ ಅವನು. ಅಂಥವನ ಮಗಳನ್ನು ಪರೀಕ್ಷೆ ಬರೆಸಿ, ಹೆಸರು ಹಿಡಿದು ಕರೆದು, ಮೊಹರು ಹಾಕಿದ ಕಾಗದ ಕೊಟ್ಟು ಒಳಗೆ ಕೂರಿಸಿದ್ದೂ ಅದೇ ಕಾನೂನು. ಹಾಗಾಗಿ ವನಜಾಕ್ಷಿಗೆ ಅದು ತನಗಾಗಿ ತೆರೆದ ಬಾಗಿಲು. ಅದೇ ಕಾನೂನು ಬಾಗಿಲು ಒಡೆಯುವುದೂ ಹೌದು ಅಂತ ಪುಸ್ತಕದಲ್ಲಿ ಗೊತ್ತಿತ್ತು, ಕೈಯಲ್ಲಿ ಗೊತ್ತಿರಲಿಲ್ಲ.

ಓಬಳಮ್ಮನ ಕೇಸು ಹೀಗೆ. ಅರವತ್ತು ದಾಟಿದ ಹೆಂಗಸು, ಹುಣಸೆಹಣ್ಣಿನ ಕೆಲಸ. ಮಾಘ ಮಾಸ ಹುಟ್ಟಿತೆಂದರೆ ಅವಳ ಅಂಗಳದಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು, ಹಣ್ಣು ಬಡಿದು, ಬೀಜ ಬೇರೆ, ನಾರು ಬೇರೆ ಮಾಡಿ ಹಿಂದೂಪುರದ ಮಾರ್ಕೆಟ್ಟಿಗೆ ಕಳಿಸುತ್ತಾರೆ. ಆ ಜಾಗದ ಪತ್ರ ಮಾತ್ರ ಅವಳ ಹೆಸರಿನಲ್ಲಿಲ್ಲ. ಐವತ್ತು ವರ್ಷದ ಹಿಂದೆ ಯಜಮಾನರೊಬ್ಬರು ಅವಳ ಅತ್ತೆಗೆ 'ಇದ್ಕೊಂಡು ಹೋಗಮ್ಮ' ಅಂತ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು. ಯಜಮಾನರ ಮಗ ದಾವೆ ಹಾಕಿದ. ಇಪ್ಪತ್ತೊಂದು ವರ್ಷ ನಡೆಯಿತು. ನಡುವೆ ಅವನು ತೀರಿಕೊಂಡು, ವಾರಸುದಾರನಾಗಿ ಅವನ ಮಗ ಅಂಜನ್ ಕುಮಾರ್ ಬಂದ. ಮಧುಗಿರಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಸಂಭಾವಿತ. ಡಿಕ್ರಿ ಅವನ ಪರ ಆಯಿತು. ಅಪೀಲಿನಲ್ಲೂ ಅದೇ ನಿಂತಿತು. ಒಪ್ಪಿಗೆ ಕೊಟ್ಟವರು ವಾಪಸು ಕೇಳಿದರೆ ಬಿಟ್ಟುಕೊಡಬೇಕು. ಕಾನೂನಿನ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ.

ಆ ಬೆಳಿಗ್ಗೆ ಅಂಜನ್ ಕುಮಾರ್ ಬಂದಿರಲಿಲ್ಲ. ವಕೀಲರ ಗುಮಾಸ್ತ, ನಾಲ್ಕು ಜನ ಕೂಲಿಯಾಳು, ಒಂದು ಟ್ರ್ಯಾಕ್ಟರು ಬಂದಿದ್ದವು. ಎ.ಎಸ್.ಐ. ಕದರಪ್ಪನವರು ಇಬ್ಬರು ಹೆಣ್ಣು ಕಾನ್‌ಸ್ಟೇಬಲ್‌ಗಳೊಂದಿಗೆ ಜೀಪಿನಿಂದ ಇಳಿದರು. ರಸ್ತೆಯ ತುಂಬ ಜನ. ಹೆಂಗಸರು ಹಣ್ಣು ಬಡಿಯುವುದನ್ನು ನಿಲ್ಲಿಸಿರಲಿಲ್ಲ. ಟಕ್ ಟಕ್ ಅನ್ನುವ ಸದ್ದು ಜೋರಾಗಿಯೇ ನಡೆದಿತ್ತು. ಓಬಳಮ್ಮ ಹೊಸಿಲ ಮೇಲೆ ಕೂತಿದ್ದಳು.

"ಶುರು ಹಚ್ಕೊಳಮ್ಮ, ಬಿಸ್ಲು ಏರ್ತದೆ" ಅಂದರು ಕದರಪ್ಪ.

ವನಜಾಕ್ಷಿ ವಾರಂಟು ಬಿಚ್ಚಿ ನಿಯಮದಂತೆ ಗಟ್ಟಿಯಾಗಿ ಓದತೊಡಗಿದಳು. ಮನೆ ನಂಬರು ಆಯಿತು, ಚಕ್ಕುಬಂದಿಗೆ ಬಂದಳು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬಾವಿ ಓಣಿ. ಅಲ್ಲಿಗೆ ಅವಳ ನಾಲಿಗೆ ನಿಂತಿತು. ಕಾಲಿನ ಕೆಳಗೆ ನೋಡಿದಳು. ತಾನು ನಿಂತದ್ದು ರಸ್ತೆಯಲ್ಲಿ, ಮನೆಯ ನೆರಳಿನಲ್ಲಿ. ಸೂರ್ಯ ಮನೆಯ ಹಿಂದೆ ಇದ್ದ.

ಇನ್ನೊಮ್ಮೆ ಓದಿದಳು. ಇನ್ನೊಮ್ಮೆ ನೆರಳು ನೋಡಿದಳು.

"ಸಾರ್, ಈ ನೆರಳು ಎತ್ಲಾಗೆ ಬಿದ್ದೈತೆ ನೋಡಿ."

"ನೆರಳು ಕಟ್ಕೊಂಡು ಏನಮ್ಮ ನಿಂಗೆ?"

"ಬೆಳಿಗ್ಗೆ ಹೊತ್ನಾಗೆ ನೆರಳು ಪಡುವಲಕ್ಕೆ ಬೀಳ್ತೈತೆ. ಅಂದ್ಮೇಲೆ ರಸ್ತೆ ಪಡುವಲಕ್ಕೈತೆ. ವಾರಂಟಲ್ಲಿ ಮೂಡ್ಲಕ್ಕೆ ರಸ್ತೆ ಅಂತ ಬರ್ದವ್ರೆ. ಚಕ್ಕುಬಂದಿ ತಾಳೆ ಆಗಲ್ಲ. ನಾನು ಈ ಮನೆ ಮುಟ್ಟಂಗಿಲ್ಲ."

ಗುಮಾಸ್ತ ಮುನ್ನುಗ್ಗಿ ಬಂದ. ಟೈಪಿಸ್ಟು ಪೂರ್ವಪಶ್ಚಿಮ ಅದಲುಬದಲು ಮಾಡಿದ್ದಾನೆ, ಮನೆ ಇದೇ ಅಂತ ಇಡೀ ಊರಿಗೇ ಗೊತ್ತು, ಸುಮ್ಮನೆ ಮುಗಿಸಿ ಅಂದ. ವನಜಾಕ್ಷಿ ಆಗಲೇ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಷರಾ ಬರೆಯಲು ಶುರುಮಾಡಿದ್ದಳು. 'ವಾರಂಟನ್ನು ಜಾರಿ ಮಾಡದೆ ವಾಪಸು ಮಾಡಲಾಗಿದೆ.' ಟ್ರ್ಯಾಕ್ಟರು ಹಿಂದಕ್ಕೆ ತಿರುಗಿತು. ಜನ ಓ ಎಂದು ಕೂಗಿದರು. ಓಬಳಮ್ಮ ಹೊಸಿಲು ಬಿಟ್ಟು ಎದ್ದು ಬಂದು ಅಮೀನಮ್ಮನ ಸೆರಗಿಗೆ ಒಂದು ಬೊಗಸೆ ಹುಣಸೆಹಣ್ಣು ಸುರಿದಳು. ಕದರಪ್ಪನವರ ಮುಂದೆಯೇ ಅದನ್ನು ಹಿಂದಕ್ಕೆ ಕೊಟ್ಟಳು, ಒಂದೇ ಒಂದು ಎಸಳು ಮಾತ್ರ ಬಾಯಿಗೆ ಹಾಕಿಕೊಂಡಳು.

ಮನೆಗೆ ಹೋದರೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಗಂಡ ನರಸಿಂಹರಾಜು ಪ್ರೈಮರಿ ಶಾಲೆಯ ಮೇಷ್ಟ್ರು, ನಿಧಾನಸ್ಥ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಅವನ ಕುರ್ಚಿ, ಕೈಯಲ್ಲಿ ಕಾಪಿ ಪುಸ್ತಕಗಳ ಕಟ್ಟು. ಅವಳು ನಡೆದದ್ದನ್ನೆಲ್ಲ ಕೈಕಾಲು ಆಡಿಸಿ ಹೇಳಿದಳು. ನೆರಳಿನ ಹತ್ತಿರ ಬಂದಾಗ ಎದ್ದು ನಿಂತೇ ತೋರಿಸಿದಳು.

"ಕಾನೂನ್ನ ಕಾನೂನಲ್ಲೇ ಕಟ್ಟಾಕಿಬುಟ್ಟೆ ಕಣ್ರೀ."

ನರಸಿಂಹರಾಜು ನಕ್ಕ. ಆಮೇಲೆ ಕೇಳಿದ: "ಚಕ್ಕುಬಂದಿ ತಿದ್ದುಪಡಿಗೆ ಎಷ್ಟು ದಿನ ಬೇಕು?"

"ಮೂರು ವಾರ."

"ಆಮೇಲೆ?"

ಅವಳು ಕೈಕಾಲು ತೊಳೆಯಲು ಎದ್ದು ಹೋದಳು. ಊಟ ಬಡಿಸುತ್ತ ನರಸಿಂಹರಾಜುವೇ ಅಂದ: "ಟೈಪಿಸ್ಟು ಸರಿಯಾಗಿ ಟೈಪ್ ಮಾಡಿದ್ದಿದ್ರೆ ನೀನು ಇವತ್ತು ಒಡೆದಿರ್ತಿದ್ದೆ ಅಲ್ವಾ. ತಪ್ಪಿದ್ದಾಗ ಆ ಹೆಂಗಸು ಉಳೀತಾಳೆ, ಸರಿಯಿದ್ದಾಗ ಬೀದಿಗೆ ಬರ್ತಾಳೆ. ಇದೆಂಥಾ ಸರಿ?"

ಆ ಮಾತು ಅವಳನ್ನು ಬಿಡಲಿಲ್ಲ. ಮೂರು ವಾರ ಕಳೆದು, ತಿದ್ದುಪಡಿ ಆದ ಮೇಲೆ ಜಡ್ಜ್ ಮೇಡಂ ಚೇಂಬರಿಗೆ ಕರೆಸಿದರು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು, ಮಾತು ಕಡಿಮೆ. ಷರಾ ಹಾಳೆ ಮೇಜಿನ ಮೇಲಿತ್ತು.

"ವನಜಾಕ್ಷಿಯವರೇ, ತಪ್ಪು ಕಣ್ಣಿಗೆ ಬಿತ್ತೋ, ನೀವೇ ಹುಡುಕಿದಿರೋ?"

ಸುಳ್ಳು ಹೇಳಬಹುದಿತ್ತು. "ಮೊದಲು ಕಣ್ಣಿಗೆ ಬಿತ್ತು ಮೇಡಂ. ಬಿದ್ದದ್ದಕ್ಕೆ ಖುಷಿ ಆಯ್ತು."

ಮೇಡಂ ಕನ್ನಡಕ ತೆಗೆದಿಟ್ಟರು. "ನನಗೂ ಡಿಕ್ರಿಯ ಹಿಂದಕ್ಕೆ ಹೋಗೋ ಅಧಿಕಾರ ಇಲ್ಲ. ಬರೆದವರು ಇನ್ನೊಬ್ಬರು. ಎತ್ತಿ ಹಿಡಿದದ್ದು ಅಪೀಲು ಕೋರ್ಟು. ನಾನು ಜಾರಿ ಮಾಡಿಸಬೇಕು ಅಷ್ಟೆ."

ವನಜಾಕ್ಷಿಗೆ ಅಪ್ಪನ ನೆನಪಾಯಿತು. ಎಲ್ಲಿತ್ತೋ ಧೈರ್ಯ, ಮಾತು ತಾನಾಗಿ ಬಂತು.

"ಹಂಗಾದ್ರೆ ಒಡೆಯೋರು ಯಾರು ಮೇಡಂ? ನಾನು ಕೋರ್ಟಿನ ಕೈ ಅಂತೀನಿ. ನೀವು ಡಿಕ್ರಿ ಕೈ ಅಂತೀರಿ. ಡಿಕ್ರಿ ಬರ್ದ ಸಾಹೇಬ್ರು ಕಾನೂನಿನ ಕೈ ಅಂತಾರೆ. ಬರೀ ಕೈಗಳೇ ಕಾಣ್ತವೆ, ಆಳೇ ಸಿಗಲ್ಲ. ನಮ್ಮಪ್ಪ ತಮಟೆ ಬಾರ್ಸಿ ಇದೇ ಮಾತು ಯೋಳ್ತಿದ್ದ. ಅವನಿಗೆ ನೋವಾಗ್ತಿತ್ತು, ಕಾನೂನಿಗೆ ಆಗ್ತಿರ್ಲಿಲ್ಲ."

ಇಷ್ಟು ಹೇಳಿ ಅವಳಿಗೆ ಭಯವಾಯಿತು. ಸಸ್ಪೆಂಡ್ ಆದರೂ ಆಯಿತು ಅಂದುಕೊಂಡಳು. ಮೇಡಂ ಷರಾ ಹಾಳೆಯನ್ನು ಮಡಚಿ ಫೈಲಿನೊಳಗೆ ಇಟ್ಟರು.

"ಕಾನೂನು ಕೈ ಎತ್ತದೇ ಇದ್ದರೆ ಬಲ ಇದ್ದವನು ಎತ್ತುತ್ತಾನೆ ವನಜಾಕ್ಷಿ. ನಿಮ್ಮೂರಿನಲ್ಲಿ ಅದನ್ನ ನೀವು ನೋಡಿರ್ತೀರಿ."

"ನೋಡಿವ್ನಿ ಮೇಡಂ. ಅದಕ್ಕೇ ಕೆಲಸ ಬಿಟ್ಟು ಹೋಗಲ್ಲ. ಆದ್ರೆ ಏಟು ಏಟೇ ಅಂತ ಯಾರಾದ್ರೂ ಒಪ್ಕೊಬೇಕಲ್ಲ."

ಮೇಡಂ ಹೊಸ ವಾರಂಟಿಗೆ ಸಹಿ ಹಾಕಿದರು. ಹಾಕಿ, ಒಂದು ಸಾಲಿನ ಕೆಳಗೆ ಬೆರಳಿಟ್ಟರು. "ಡಿಕ್ರಿದಾರನ ಸಮ್ಮುಖದಲ್ಲಿ ಅಂತಿದೆ. ಈ ಸಲ ಗುಮಾಸ್ತ ಬೇಡ. ಅವನೇ ಬರಲಿ. ಸಾಮಾನಿನ ಪಟ್ಟಿ ಪ್ರತಿ ಹಾಳೆಗೂ ಅವನ ಸಹಿ ಇರಲಿ."

ಹೊರಗೆ ಬಂದ ವನಜಾಕ್ಷಿ ಮೆಟ್ಟಿಲ ಮೇಲೇ ನಿಂತು ಅಂಜನ್ ಕುಮಾರ್‌ಗೆ ಫೋನು ಮಾಡಿದಳು. ಅಂಗಡಿ ಬಿಟ್ಟು ಬರಲಾಗುವುದಿಲ್ಲ ಅಂದ. ನೀವು ಬರದಿದ್ದರೆ ಬೀಗ ಒಡೆಯುವುದಿಲ್ಲ ಅಂದಳು.

ಎರಡನೇ ಸಲ ಚಕ್ಕುಬಂದಿ ಸರಿಯಿತ್ತು. ಜೀಪು, ಟ್ರ್ಯಾಕ್ಟರು, ಕೂಲಿಯಾಳು, ಕದರಪ್ಪ ಎಲ್ಲ ಇದ್ದರು. ಜನ ಮೊದಲಿಗಿಂತ ಎರಡರಷ್ಟು. ಈ ಸಲವೂ ಅಮೀನಮ್ಮ ಏನೋ ಹೂಡುತ್ತಾಳೆ ಅಂತ ಮರ ಹತ್ತಿ ಕೂತವರೂ ಇದ್ದರು. ಅಂಜನ್ ಕುಮಾರ್ ಇಸ್ತ್ರಿ ಶರ್ಟು ಹಾಕಿಕೊಂಡು ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ. ಆ ಮನೆಯನ್ನು ಅವನು ಹತ್ತಿರದಿಂದ ನೋಡುತ್ತಿದ್ದುದು ಅದೇ ಮೊದಲು.

"ಒಳಗೆ ಬನ್ನಿ ಸಾರ್. ಸಮ್ಮುಖದಲ್ಲಿ ಅಂದ್ರೆ ಒಳಗೆ."

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಚಪ್ಪಲಿ ಬಿಟ್ಟದ್ದನ್ನು ವನಜಾಕ್ಷಿ ಗಮನಿಸಿದಳು.

ಕೂಲಿಯವರು ಸಾಮಾನು ಹೊರಗೆ ತಂದಂತೆ ಅವಳು ಒಂದೊಂದನ್ನೂ ದಾಸಯ್ಯನ ದನಿಯಲ್ಲಿ ಕೂಗಿ ಬರೆದಳು. ಸ್ಟೀಲ್ ಬಿಂದಿಗೆ ಮೂರು. ಹೊಲಿದ ಕೌದಿ ಎರಡು. ಕಬ್ಬಿಣದ ಟ್ರಂಕು ಒಂದು, ಒಳಗೆ ಮಗುವಿನ ಉಡುದಾರ ಒಂದು, ಮಗು ಇಲ್ಲ. "ಆ ಮಗ ಹನ್ನೆರಡು ವರ್ಸಕ್ಕೇ ತೀರ್ಕೊಂಡ" ಅಂತ ಹೆಂಗಸರಲ್ಲಿ ಒಬ್ಬಳು ಬಡಿಗೆ ಬಿಡದೆ ಹೇಳಿದಳು. ಪ್ರತಿ ಹಾಳೆ ತುಂಬಿದಾಗ ಅಂಜನ್ ಕುಮಾರ್‌ನ ಮುಂದೆ ಹಿಡಿದಳು. ಮೊದಲ ಹಾಳೆಗೆ ಚಕಚಕ ಸಹಿ ಹಾಕಿದ. ನಾಲ್ಕನೇ ಹಾಳೆಗೆ ಪೆನ್ನು ಹಿಡಿದು ಓದುತ್ತ ನಿಂತ.

ಹಿಂದಿನ ಕೋಣೆಯಲ್ಲಿ ಹುಣಸೆಹಣ್ಣಿನ ದಾಸ್ತಾನು. ಬಾಗಿಲಿಗೆ ಬೀಗ. ಓಬಳಮ್ಮ ಬೀಗದ ಕೈ ಕೊಡುವುದಿಲ್ಲ ಅಂದಳು.

"ನೀನು ಒಡಿ ತಾಯೀ. ನನ್ ಕೈಯಾರೆ ನಾನು ತೆಗ್ಯಲ್ಲ."

ಕೂಲಿಯವನು ಹಾರೆ ಎತ್ತಿದ. ವನಜಾಕ್ಷಿ ಅದನ್ನು ಇಸಕೊಂಡಳು. ವಾರಂಟಿನಲ್ಲಿ ನನ್ನ ಹೆಸರಿದೆ, ಆ ಕೆಲಸ ಇನ್ನೊಬ್ಬರಿಗೆ ದಾಟಿಸುವುದಿಲ್ಲ ಅಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಎತ್ತಿ ಹೊಡೆದಳು. ಕಬ್ಬಿಣಕ್ಕೆ ಕಬ್ಬಿಣ ತಗುಲಿ ಸದ್ದು ಇಡೀ ಮನೆಗೆ ಹರಡಿತು. ಬೀಗ ಒಡೆಯಲಿಲ್ಲ, ಜಗ್ಗಿತು. ಹೊರಗಿನಿಂದ ಯಾರೋ "ಇನ್ನೊಂದು ಬೀಳ್ಲಿ" ಅಂದರು.

ಆಗ ಅವಳಿಗೆ ಒಂದು ವಿಷಯ ಗೊತ್ತಾಯಿತು. ಹೊಡೆದಾಗ ಹಿತವಾಗಿತ್ತು. ತೋಳಿನಲ್ಲಿ ಬಿಸಿ ಹರಿದಿತ್ತು. ಹಿಂದೆ ಸರ್ಕಾರ, ಮುಂದೆ ಬೀಗ, ಸುತ್ತ ನೋಡುವ ಜನ. ಇನ್ನೊಂದು ಏಟು ಹೊಡೆಯಬೇಕು ಅಂತ ಕೈ ತಾನಾಗಿಯೇ ಕೇಳುತ್ತಿತ್ತು. ಕೋರ್ಟಿನ ಕಾಗದಗಳಲ್ಲಿ ಎಲ್ಲಿಯೂ ಬರೆಯದ ವಿಷಯ ಇದು.

ಅಷ್ಟರಲ್ಲಿ ಓಬಳಮ್ಮ ಓಡಿ ಬಂದು ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಕದರಪ್ಪ ನಿಟ್ಟುಸಿರು ಬಿಟ್ಟು ಕಾನ್‌ಸ್ಟೇಬಲ್‌ಗಳಿಗೆ ಸನ್ನೆ ಮಾಡಿದರು. ಇಬ್ಬರೂ ಎರಡು ರಟ್ಟೆ ಹಿಡಿದು ಎತ್ತಿದರು. ಮುದುಕಿ ಹಗುರ, ಸಲೀಸಾಗಿ ಎದ್ದಳು. ಸೀರೆಯ ನೆರಿಗೆ ಜಾರಿತು. ಅದನ್ನು ಹಿಡಿದುಕೊಳ್ಳಲು ಅವಳಿಗೆ ಕೈಗಳು ಸಿಗಲಿಲ್ಲ. ಅಂಗಳದಲ್ಲಿ ಬಡಿಗೆಯ ಸದ್ದು ನಿಂತಿತು.

"ಬಿಡಿ" ಅಂದ ಅಂಜನ್ ಕುಮಾರ್.

ಎಲ್ಲರೂ ತಿರುಗಿ ನೋಡಿದರು.

"ಬಿಡ್ರೀ ಅವರನ್ನ. ನಿಲ್ಸಿ ಇದನ್ನ."

ಕದರಪ್ಪ ಅಂದರು: "ನಿಲ್ಸಕ್ಕೆ ನಮ್ಗೆ ಅಧಿಕಾರ ಇಲ್ಲ ಸಾರ್. ಕೋರ್ಟ್ ಆರ್ಡರು."

ಅಂಜನ್ ಕುಮಾರ್ ವನಜಾಕ್ಷಿಯ ಕಡೆ ನೋಡಿದ. ಅವಳು ತಲೆಯಾಡಿಸಿದಳು. "ನಂಗೂ ಇಲ್ಲ."

"ಮತ್ತೆ ಯಾರಿಗಿದೆ? ಜಡ್ಜಿಗಾ?"

ಆ ಪ್ರಶ್ನೆ ಅವನ ಬಾಯಿಂದ ಬಂದದ್ದೇ ತಡ, ವನಜಾಕ್ಷಿಯ ತಲೆಯೊಳಗೆ ದೀಪ ಹತ್ತಿದ ಹಾಗಾಯಿತು. ಹಾರೆ ನೆಲಕ್ಕಿಟ್ಟಳು. ಇಷ್ಟು ದಿನ ಹುಡುಕಿದ ಆಳು ಎದುರಿಗೇ ಬರಿಗಾಲಲ್ಲಿ ನಿಂತಿದ್ದ.

"ಅವರಿಗೂ ಇಲ್ಲ ಸಾರ್. ನಿಮಗೊಬ್ಬರಿಗೇ ಐತೆ. ಡಿಕ್ರಿ ನಿಮ್ದು. ನಂಗೆ ಸದ್ಯಕ್ಕೆ ಸ್ವಾಧೀನ ಬೇಡ, ರಾಜಿ ಮಾಡ್ಕೊತೀನಿ ಅಂತ ನೀವು ಬರ್ಕೊಟ್ರೆ ನಾನು ಈ ಕ್ಷಣಕ್ಕೆ ವಾಪಸ್ ಹೋಗ್ತೀನಿ. ಜೀಪೂ ಹೋಗ್ತೈತೆ."

"ನಾನು ಬರೆದರೆ ಸಾಕಾ?"

"ಎರಡು ಸಾಲು."

ಅವನು ನಂಬಲಿಲ್ಲ. ವಕೀಲರಿಗೆ ಫೋನು ಮಾಡಿದ. ವಕೀಲರು ಬೇಡ ಅಂತ ಬಹಳ ಹೇಳಿದರು, ಆದರೆ ಹಾಗೆ ಬರೆದುಕೊಡಲು ಆಗುವುದಿಲ್ಲ ಅಂತ ಹೇಳಲಿಲ್ಲ. ಅವನು ಫೋನು ಜೇಬಿಗಿಟ್ಟು, ಜೀಪಿನ ಬಾನೆಟ್ಟಿನ ಮೇಲೆ ಬಗ್ಗಿ ಬರೆದ. ಸಹಿ ಹಾಕುವ ಮುಂಚೆ ತಲೆ ಎತ್ತಿ ವನಜಾಕ್ಷಿಗೆ ಅಂದ: "ಆ ಜಾಗ ಬಿಡಬೇಡ ಅಂತ ನಮ್ಮಪ್ಪ ಸಾಯೋವಾಗ ಹೇಳಿದ್ರು. ಆದ್ರೆ ಅವರೂ ಇದನ್ನ ನೋಡಿರ್ಲಿಲ್ಲ ಕಣಮ್ಮ. ಬರೀ ಕಾಗದ ನೋಡಿದ್ದು."

ಸಹಿ ಬಿತ್ತು. ಮರದ ಮೇಲಿದ್ದವರು ಸಿಳ್ಳೆ ಹಾಕಿದರು. ಕದರಪ್ಪನವರೇ ಟೋಪಿ ಪಕ್ಕಕ್ಕಿಟ್ಟು ಟ್ರಂಕಿನ ಒಂದು ಬದಿ ಹಿಡಿದು ಒಳಗೆ ತಂದಿಟ್ಟರು. ಅಂಜನ್ ಕುಮಾರ್ ಇನ್ನೊಂದು ಬದಿ ಹಿಡಿದ. ಓಬಳಮ್ಮ ಸೀರೆ ಸರಿಮಾಡಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ವನಜಾಕ್ಷಿ ಹತ್ತಿರ ಹೋದಾಗ ಬೀಗದ ಕಡೆ ಕೈ ತೋರಿಸಿದಳು.

"ಹೊಡ್ದೆಯಲ್ಲ ತಾಯೀ."

"ಹೊಡ್ದೆ ಅಕ್ಕ. ನಾನೇ ಹೊಡ್ದೆ."

ಕ್ಷಮಿಸು ಅಂತ ಅವಳು ಕೇಳಲಿಲ್ಲ. ಓಬಳಮ್ಮ ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. ವನಜಾಕ್ಷಿ ಅವಳ ಪಕ್ಕದಲ್ಲಿ ಕೂತಳು. ಅಂಗಳದಲ್ಲಿ ಮತ್ತೆ ಬಡಿಗೆಯ ಸದ್ದು ಎದ್ದಿತು.

ಯುಗಾದಿ ಕಳೆದ ಮೇಲೆ ರಾಜಿ ಕೋರ್ಟಿನಲ್ಲಿ ದಾಖಲಾಯಿತು. ಪಕ್ಕದ ಖಾಲಿ ಜಾಗ ಅಂಜನ್ ಕುಮಾರನಿಗೆ, ಮನೆ ಮತ್ತು ಅಂಗಳ ಓಬಳಮ್ಮನ ಹೆಸರಿಗೆ ರಿಜಿಸ್ಟ್ರಿ. ಅಂಜನ್ ಕುಮಾರನ ತಾಯಿ ಮಗನ ಜೊತೆ ಆರು ತಿಂಗಳು ಮಾತು ಬಿಟ್ಟರಂತೆ. ಜಡ್ಜ್ ಮೇಡಂ ಆದೇಶ ಓದಿ, ಬಾಗಿಲ ಬಳಿ ನಿಂತಿದ್ದ ವನಜಾಕ್ಷಿಯ ಕಡೆ ಒಂದು ಸಲ ನೋಡಿ, ಮುಂದಿನ ಕೇಸು ಕೂಗಿಸಿದರು.

ಅದೇ ವರ್ಷದ ಜನರಲ್ ಟ್ರಾನ್ಸ್‌ಫರಿನಲ್ಲಿ ವನಜಾಕ್ಷಿಗೆ ಪಾವಗಡ ಬಂತು. ಅಲ್ಲಿ ಎಲ್ಲ ಬಾಗಿಲೂ ಹೀಗೆ ಉಳಿಯಲಿಲ್ಲ. ವೈ.ಎನ್.ಹೊಸಕೋಟೆ ಹತ್ತಿರ ಒಂದು ಅಂಗಡಿ ಮನೆಯ ವಾರಂಟು ಬಂದಾಗ, ಗೆದ್ದವನನ್ನು ಒಳಗೆ ಕರೆದು, ಪಟ್ಟಿ ಪೂರಾ ಕೂಗಿ ಓದಿದಳು. ಅವನು ಎಲೆಅಡಿಕೆ ಜಗಿಯುತ್ತ ಎಲ್ಲ ಹಾಳೆಗೂ ಸಹಿ ಹಾಕಿ "ಕಾನಿವ್ವಮ್ಮಾ, ಆಗ್ಲಿ ನಡೆಸಮ್ಮ" ಅಂದ. ನೀವು ಬೇಡ ಅಂದರೆ ನಿಲ್ಲಿಸುತ್ತೇನೆ ಅಂತ ಎರಡು ಸಲ ಹೇಳಿದಳು. ಅವನು ನಕ್ಕ. ಅವಳು ಬೀಗ ಒಡೆದಳು. ಅವತ್ತಿನ ವರದಿಯಲ್ಲಿ, ಎಲ್ಲ ಅಮೀನರೂ ಬರೆಯುವ 'ಬೀಗವನ್ನು ತೆರವುಗೊಳಿಸಲಾಯಿತು' ಅನ್ನುವ ಮಾತನ್ನು ಅವಳು ಬರೆಯಲಿಲ್ಲ. 'ಡಿಕ್ರಿದಾರರು ನಿಂತು ನೋಡುತ್ತಿರುವಾಗ, ನಾನು ಹಾರೆಯಿಂದ ಮೂರು ಏಟು ಹೊಡೆದು ಬೀಗ ಒಡೆದೆನು' ಅಂತ ಬರೆದಳು. ಶಿರಸ್ತೇದಾರರು ಹೀಗೆಲ್ಲ ಬರೆಯುವ ಪದ್ಧತಿ ಇಲ್ಲ ಅಂದರು. ನಡೆದದ್ದು ಹೀಗೇ ಅಂದಳು. ಕಾಗದ ಫೈಲಿಗೆ ಹೋಯಿತು.

ಈಗ ಪ್ರತಿ ವಾರಂಟಿಗೂ ಅವಳದು ಇದೇ ವರಸೆ. ನಿನ್ನೆ ಇನ್ನೊಂದು ಬಂದಿದೆ. ಸೂರ್ಯ ಹುಟ್ಟುವ ಮೊದಲೇ ಎದ್ದು, ಕಾಫಿ ಕಾಯಿಸುತ್ತಲೇ ಫೋನು ಕಿವಿಗಿಟ್ಟುಕೊಂಡಿದ್ದಳು. ಆ ಕಡೆಯಿಂದ ಡಿಕ್ರಿದಾರ ಮಗನನ್ನು ಕಳಿಸುತ್ತೇನೆ, ಗುಮಾಸ್ತನನ್ನು ಕಳಿಸುತ್ತೇನೆ ಅನ್ನುತ್ತಿದ್ದ. ನರಸಿಂಹರಾಜು ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ.

"ಇಲ್ಲ ಸಾರ್, ನೀವೇ ಬರ್ಬೇಕು" ಅನ್ನುತ್ತಿದ್ದಳು ವನಜಾಕ್ಷಿ, ದನಿಯಲ್ಲಿ ಉತ್ಸಾಹ ತುಳುಕುತ್ತಿತ್ತು. "ಹತ್ತು ಗಂಟೆಗೆ. ಬೆಳಕು ಚೆನ್ನಾಗಿರ್ತೈತೆ, ಎಲ್ಲಾ ಕಾಣ್ತೈತೆ."